ಕಂಬ ಬದಲಿಸುವ ಅತ್ತಿಗೆ

ನನ್ನ ಅತ್ತಿಗೆ ಐದು ಕಂಬಗಳನ್ನು ವ್ಯಾನಿಟಿ ಬ್ಯಾಗಿನಲ್ಲಿ ಹಾಕಿಕೊಂಡು ಬಸ್ಸು ಹತ್ತುತ್ತಾರೆ. ಕಂಡಕ್ಟರ್ ಲಗೇಜು ಚಾರ್ಜು ಕೇಳುವುದಿಲ್ಲ. ಸೀಟು ಸಿಕ್ಕಿದರೆ ಐದನ್ನೂ ಮಡಿಲಲ್ಲಿಟ್ಟುಕೊಂಡು ಕೊಪ್ಪದಿಂದ ಶೃಂಗೇರಿಯವರೆಗೆ ಸುಖವಾಗಿ ನಿದ್ದೆ ಮಾಡುತ್ತಾರೆ. ನಾನು ಉತ್ಪ್ರೇಕ್ಷೆ ಮಾಡುತ್ತಿದ್ದೇನೆ ಅಂದುಕೊಂಡಿರಾ? ಮುಂದೆ ಎಲ್ಲಾದರೂ ಮಾಡುತ್ತೇನೆ, ಇಲ್ಲಿ ಮಾತ್ರ ಖಂಡಿತ ಇಲ್ಲ!

ಇಷ್ಟಕ್ಕೂ ತಪ್ಪು ನನ್ನದೇ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಒಂದು ಭಾನುವಾರ ಉತ್ತರ ಪತ್ರಿಕೆಗಳ ರಾಶಿಯಲ್ಲಿ ಮುಳುಗಿದ್ದಾಗ ಅತ್ತಿಗೆ ಬಂದು, "ಕಾಲಮ್ ಅಂದ್ರೆ ಕನ್ನಡದಲ್ಲಿ ಎಂತ ಮಾರಾಯ?" ಎಂದು ಕೇಳಿದರು. ನಾನು ತಲೆ ಎತ್ತದೆ "ಕಂಬ" ಅಂದೆ. ತಲೆ ಎತ್ತಿ ಅವರ ಕೈಯಲ್ಲಿದ್ದ ವಸ್ತುವನ್ನು ನೋಡಿದ್ದರೆ ಕೊಳವೆ ಅನ್ನುತ್ತಿದ್ದೆ, ನಳಿಗೆ ಅನ್ನುತ್ತಿದ್ದೆ. ಅದು ಗೇಣುದ್ದದ, ಕಿರುಬೆರಳಿನಷ್ಟು ದಪ್ಪದ ಸ್ಟೀಲಿನ ಕೊಳವೆ. ಒಳಗೆ ತುಂಬಿರುವುದು ಬಿಳಿ ಪುಡಿ. ಆದರೆ ಅತ್ತಿಗೆಗೆ ಕಂಬ ಎಂಬ ಪದ ಎಷ್ಟು ಹಿಡಿಸಿತೆಂದರೆ, ಆಮೇಲೆ ನಾನು ಎಷ್ಟು ತಿದ್ದಿದರೂ ಕೇಳಲಿಲ್ಲ. "ಮೇಷ್ಟ್ರೇ, ಒಮ್ಮೆ ಕೊಟ್ಟ ಮಾರ್ಕು ವಾಪಸು ತಗೋಬಾರ್ದು" ಎಂದು ನನಗೇ ಬುದ್ಧಿ ಹೇಳಿದರು.

ಅತ್ತಿಗೆ ದೂರದ ಊರಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ಕೆಲಸ ಮಾಡಿದವರು. ನಾಲ್ಕು ವರ್ಷದ ಹಿಂದೆ ಅಣ್ಣನೊಡನೆ ಕೊಪ್ಪಕ್ಕೆ ಬಂದರು. ಅಣ್ಣ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇಟ್ಟ. ಅತ್ತಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿಯ ಮೇಲಿನ ಕೋಣೆ ಹಿಡಿದು, ಹಳೆಯ ಯಂತ್ರವೊಂದನ್ನು ತಂದು, ಕಾಳುಮೆಣಸು, ಜೇನುತುಪ್ಪ, ಅರಿಸಿನಗಳನ್ನು ಪರೀಕ್ಷೆ ಮಾಡಿಕೊಡುವ ಲ್ಯಾಬು ತೆರೆದರು. ಊರಿಗೆಲ್ಲ ಅದು "ರಕ್ತ ಪರೀಕ್ಷೆ ಮಾಡದ ಲ್ಯಾಬು" ಎಂದೇ ಪ್ರಸಿದ್ಧ. ಈಗಲೂ ವಾರಕ್ಕೊಬ್ಬರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬಂದು ಮೆಟ್ಟಿಲ ಮೇಲೆ ಕೂತಿರುತ್ತಾರೆ.

ಆ ಪದ ಹುಟ್ಟಿ ಎರಡು ದಿನವಾಗಿತ್ತಷ್ಟೆ. ಅತ್ತಿಗೆ ಹೊರಡುವ ಅವಸರದಲ್ಲಿ ಅಣ್ಣನಿಗೆ, "ಇವತ್ತು ಎರಡು ಕಂಬ ಬರ್ತದೆ, ಇಳಿಸ್ಕೊಂಡು ಜೋಪಾನವಾಗಿ ಇಡಿ" ಎಂದು ಹೇಳಿ ಹೋದರು. ಮನೆಯ ಮುಂದೆ ಪೋರ್ಟಿಕೋ ಕಟ್ಟಿಸುವ ಮಾತು ಆಗ ನಡೆಯುತ್ತಿತ್ತು. ಅಣ್ಣ ಅಂಗಡಿಗೆ ಬೀಗ ಹಾಕಿದ, ಅಂಗಳದ ಹೂಕುಂಡಗಳನ್ನೆಲ್ಲ ಪಕ್ಕಕ್ಕೆ ಸರಿಸಿದ, ಲೋಡಿಂಗ್ ಕೆಲಸದ ಇಬ್ಬರನ್ನು ಕರೆಸಿ ಕೂರಿಸಿದ. ಮಧ್ಯಾಹ್ನ ಕೊರಿಯರ್‌ನವರು ಸ್ಕೂಟರಿನಲ್ಲಿ ಬಂದು ಟೂತ್‌ಪೇಸ್ಟಿನ ಡಬ್ಬಿಯಷ್ಟಿದ್ದ ಪೊಟ್ಟಣ ಕೊಟ್ಟರು.

"ಇದು ಸರಿ, ಕಂಬ ಎಲ್ಲಿ?" ಅಂದ ಅಣ್ಣ.

ಕೊರಿಯರ್‌ನವರು ಚೀಟಿ ಓದಿದರು. "ಕಾಲಮ್, ಎರಡು ಅಂತಲೇ ಇದೆ ಸಾರ್."

ಲೋಡಿಂಗಿನವರಲ್ಲಿ ಒಬ್ಬರು ಪೊಟ್ಟಣವನ್ನು ಅಂಗೈಯಲ್ಲಿಟ್ಟುಕೊಂಡು ತೂಗಿ ನೋಡಿ, ಬಹಳ ವಿನಯದಿಂದ ಕೇಳಿದರು: "ನಾನೊಬ್ನೇ ಹಿಡಿದ್ರೆ ಸಾಕಾ ಸಾಹೇಬ್ರೆ, ಇಬ್ರೂ ಬೇಕಾ?"

ಈ ಪುಟ್ಟ ಕೊಳವೆ ಮಾಡುವ ಕೆಲಸವಾದರೂ ಏನು? ನಾನು ಕೇಳಬಾರದಿತ್ತು, ಕೇಳಿದೆ. ಅತ್ತಿಗೆಗೆ ಈ ಪ್ರಶ್ನೆ ಹಾಕುವುದೂ ಒಂದೇ, ಆ ದಿನದ ಉಳಿದ ಕೆಲಸಗಳಿಗೆ ರಜೆ ಹಾಕುವುದೂ ಒಂದೇ!

"ಜಯಪುರದ ಪೇಟೆ ಬೀದಿ ಗೊತ್ತಲ್ಲ? ಅದೇ ಕಂಬ ಅಂದ್ಕೋ" ಎಂದು ಶುರು ಮಾಡಿದರು. "ಬಸ್ಸಿಂದ ಜನ ಎಲ್ಲ ಒಟ್ಟಿಗೆ ಇಳಿದ್ರು. ಬೀದಿ ಹೊಕ್ಕು ಆ ತುದಿಗೆ ಹೊರಗೆ ಬರ್ಬೇಕು. ಎರಡೂ ಬದಿ ಬರೀ ಬಟ್ಟೆ ಅಂಗಡಿ. ನಿನ್ನ ಹೆಂಡ್ತಿ ಯಾವಾಗ ಹೊರಗೆ ಬರ್ತಾಳೆ?"

"ಅಂಗಡಿಯವರು ಶಟರ್ ಎಳೆದ ಮೇಲೆ."

"ನೀನು?"

"ಐದು ನಿಮಿಷ."

"ನಿನ್ನಣ್ಣ?"

"ಅವನಿಗೂ ಐದೇ ನಿಮಿಷ."

"ಹಾಂ! ಆ ತುದಿಯಲ್ಲಿ ನಿಂತು ಲೆಕ್ಕ ಹಾಕೋರಿಗೆ ನೀವಿಬ್ರೂ ಒಬ್ಬನೇ! ಒಟ್ಟಿಗೆ ಬಂದ್ರಿ. ಈಗ ನಿಮ್ಮನ್ನ ಬೇರೆ ಮಾಡ್ಬೇಕು. ಎಂತ ಮಾಡ್ತೀಯ?"

"ಬೀದಿ ಇನ್ನೂ ಉದ್ದ ಮಾಡ್ತೇನೆ" ಅಂದೆ.

ಅತ್ತಿಗೆ ಮೇಜು ಗುದ್ದಿದ ರಭಸಕ್ಕೆ ಉತ್ತರ ಪತ್ರಿಕೆಗಳು ಹಾರಿದವು. "ಎಲ್ಲರೂ ಮಾಡೋ ತಪ್ಪು ಇದೇ! ಬಟ್ಟೆ ಅಂಗಡಿ ಬೀದಿಯನ್ನ ಶೃಂಗೇರಿವರೆಗೆ ಎಳೆದ್ರೂ ನೀವಿಬ್ರೂ ಒಟ್ಟಿಗೇ ಬರ್ತೀರಿ, ಕಾಲುನೋವು ಬೇರೆ! ಬೀದಿ ಉದ್ದ ಮಾಡೋದಲ್ಲ ಮಾರಾಯ, ಅಂಗಡಿ ಬದಲಿಸ್ಬೇಕು! ಎಲೆಕ್ಟ್ರಿಕ್ ಅಂಗಡಿ ಇಡು. ನಿನ್ನಣ್ಣ ಸ್ವಿಚ್ಚು ಒತ್ತಿ ನೋಡ್ತಾ ಸಂಜೆವರೆಗೆ ಅಲ್ಲೇ. ನೀನು ಐದೇ ನಿಮಿಷ. ಬೇರೆ ಆದ್ರಾ ಇಲ್ವಾ?"

ಬೇರೆ ಆದೆವು. ಹುಟ್ಟಿದಾಗಿನಿಂದ ಜೊತೆಗಿದ್ದ ಅಣ್ಣ ತಮ್ಮಂದಿರನ್ನು ಅತ್ತಿಗೆ ಎರಡು ನಿಮಿಷದಲ್ಲಿ ಬೇರೆ ಮಾಡಿದರು. ವಿಷಯ ಇಷ್ಟೇ. ಪರೀಕ್ಷೆ ಮಾಡಬೇಕಾದ ದ್ರವವನ್ನು ಪಂಪು ಕಂಬದೊಳಗೆ ತಳ್ಳುತ್ತದೆ. ಅದರಲ್ಲಿರುವ ವಸ್ತುಗಳು ಒಳಗಿನ ಪುಡಿಗೆ ಹೆಚ್ಚು ಕಡಿಮೆ ಅಂಟಿಕೊಳ್ಳುತ್ತ, ಬಿಡಿಸಿಕೊಳ್ಳುತ್ತ, ಒಂದೊಂದಾಗಿ ಹೊರಗೆ ಬರುತ್ತವೆ. ಒಂದೊಂದು ಬಂದಾಗಲೂ ಕಂಪ್ಯೂಟರಿನಲ್ಲಿ ಒಂದೊಂದು ಗುಡ್ಡ ಏಳುತ್ತದೆ. ಎರಡು ವಸ್ತು ಒಟ್ಟಿಗೆ ಬಂದರೆ ಗುಡ್ಡ ಒಂದೇ. ನೋಡಿದವರು ಒಂದೇ ವಸ್ತು ಎಂದು ಸಹಿ ಹಾಕಿ ಮನೆಗೆ ಹೋಗುತ್ತಾರೆ. ಅತ್ತಿಗೆ ಮಾತ್ರ ಹೋಗುವುದಿಲ್ಲ, ಕಂಬ ಬದಲಿಸುತ್ತಾರೆ.

ಅವರ ಐದು ಕಂಬಗಳಿಗೂ ಹೆಸರುಗಳಿವೆ. ಎಣ್ಣೆಯ ಗುಣ ಇರುವುದನ್ನೆಲ್ಲ ಹಿಡಿದುಕೊಳ್ಳುವುದು ಎಣ್ಣೆ ಕಂಬ. ಜಗತ್ತಿನ ಲ್ಯಾಬುಗಳೆಲ್ಲ ಮೊದಲು ಕೈ ಹಾಕುವುದು ಇದಕ್ಕೇ. ಉಂಗುರದ ಆಕಾರದ ಅಣುಗಳನ್ನು ಕಂಡರೆ ಬಿಡದಿರುವುದು ಉಂಗುರ ಕಂಬ. ನೀರಿನಲ್ಲಿ ಬೆರೆಯುವವರ ಪಕ್ಷಪಾತಿ ನೀರು ಕಂಬ. ಯಾರನ್ನೂ ಹೆಚ್ಚು ಹೊತ್ತು ಹಿಡಿಯದ್ದು ನಾಚಿಕೆ ಕಂಬ. ಐದನೆಯದು ಉಳಿದ ಯಾವುದರ ತೀರ್ಪನ್ನೂ ಒಪ್ಪದ ಜಗಳಗಂಟಿ ಕಂಬ. ಅತ್ತಿಗೆಗೆ ಅದರ ಮೇಲೆ ವಿಶೇಷ ಪ್ರೀತಿ. ಯಾಕೆಂದು ಅಣ್ಣನಿಗೆ ಗೊತ್ತು, ಹೇಳುವ ಧೈರ್ಯವಿಲ್ಲ.

ಅವರನ್ನು ಶೃಂಗೇರಿಗೆ ಕರೆದುಕೊಂಡು ಹೋದದ್ದು ಇನ್ನೊಂದು ಕಥೆ. ಅಲ್ಲಿನ ಕಲ್ಲಿನ ದೇವಸ್ಥಾನದಲ್ಲಿ ಹನ್ನೆರಡು ರಾಶಿಗಳ ಹನ್ನೆರಡು ಕಂಬಗಳಿವೆಯಲ್ಲ, ಅವುಗಳ ನಡುವೆ ಅತ್ತಿಗೆ ಕೈ ಕಟ್ಟಿಕೊಂಡು ನಿಂತುಬಿಟ್ಟರು. "ನೋಡು ಮಾರಾಯ! ಹನ್ನೆರಡು! ಒಂದರಂತೆ ಇನ್ನೊಂದಿಲ್ಲ! ನಮ್ಮ ಕಂಪನಿಯಲ್ಲಿ ಕಪಾಟು ತುಂಬ ಕಂಬ ಇತ್ತು, ಎಲ್ಲ ಎಣ್ಣೆ ಕಂಬವೇ. ಬೇರೆ ಬೇರೆ ಕಂಪನಿಯದ್ದು ಅಂತ ಬೀಗೋರು. ಒಂದೇ ರಾಶಿಯ ಹನ್ನೆರಡು ಕಂಬ ನಿಲ್ಲಿಸಿದ್ರೆ ಉಳಿದ ಹನ್ನೊಂದು ರಾಶಿಯವರು ಎಲ್ಲಿಗೆ ಹೋಗ್ಬೇಕು?"

ಅವರ ದನಿ ಸಣ್ಣದಲ್ಲ. ಪಕ್ಕದಲ್ಲಿದ್ದ ಪ್ರವಾಸಿ ದಂಪತಿ ಇವರು ದೊಡ್ಡ ಜ್ಯೋತಿಷಿಗಳೇ ಇರಬೇಕೆಂದು ಹತ್ತಿರ ಬಂದರು. "ಅಮ್ಮಾ, ನಮ್ಮ ಮಗಳದ್ದು ಕನ್ಯಾ ರಾಶಿ. ಮದುವೆ ಕೂಡಿ ಬರ್ತಿಲ್ಲ. ಯಾವ ಕಂಬದ ಹತ್ತಿರ ಹೋಗಬೇಕು?"

ಅತ್ತಿಗೆ ತಮ್ಮದೇ ಲೋಕದಲ್ಲಿದ್ದರು. "ಯಾವುದಾದ್ರೂ ಸರಿ, ಒಂದೇ ಕಂಬ ನಂಬಬೇಡಿ! ಒಂದಕ್ಕೊಂದು ಸಂಬಂಧ ಇಲ್ಲದ ಎರಡು ಕಂಬದಲ್ಲಿ ನೋಡಿ!" ಅಂದರು. ದಂಪತಿ ಭಕ್ತಿಯಿಂದ ಎರಡು ಕಂಬಗಳಿಗೆ ಕೈಮುಗಿದು, ಅತ್ತಿಗೆಗೂ ಮುಗಿದು ಹೋದರು.

ಈ ಎರಡು ಕಂಬದ ಹುಚ್ಚು ಲ್ಯಾಬಿಗಷ್ಟೇ ಸೀಮಿತವಾಗಿದ್ದರೆ ನಾವು ಬಚಾವಾಗುತ್ತಿದ್ದೆವು. ನಮ್ಮ ನೆಂಟರೊಬ್ಬರು ಮಗಳಿಗೆ ಗಂಡು ನೋಡುತ್ತಿದ್ದರು. ಹುಡುಗನ ಬಗ್ಗೆ ದೇವಸ್ಥಾನದಲ್ಲಿ ವಿಚಾರಿಸಿದ್ದಾಯಿತು, ಅವನು ಓದಿದ ಶಾಲೆಯಲ್ಲಿ ವಿಚಾರಿಸಿದ್ದಾಯಿತು, ಎಲ್ಲ ಕಡೆ ಚಿನ್ನದಂಥ ಹುಡುಗ. "ಎರಡೂ ಒಂದೇ ಜಾತಿ ಕಂಬ" ಎಂದು ಅತ್ತಿಗೆ ತಲೆ ಕೊಡವಿದರು. "ಹುಡುಗ ದಿನಾ ಹೋಗಿ ಬರೋ ಬಸ್ಸಿನ ಕಂಡಕ್ಟರ್ ಹತ್ರ ಕೇಳಿದ್ರಾ?" ಅಂದರು. ಹುಡುಗ ಒಳ್ಳೆಯವನೇ, ಆದರೆ ಎಂಥ ಮುದುಕರು ಬಂದು ನಿಂತರೂ ಸೀಟು ಬಿಡುವುದಿಲ್ಲ ಎಂದು ಕಂಡಕ್ಟರ್ ಹೇಳಿದರು. ಮದುವೆಯೇನೋ ನಡೆಯಿತು. ಈಗ ಅವನು ಹೆಂಡತಿಯ ಕಣ್ಸನ್ನೆಗೆ ಇಡೀ ಬಸ್ಸಿಗೇ ಮೊದಲು ಎದ್ದು ನಿಲ್ಲುತ್ತಾನೆ!

ಹೀಗೆ ನಗುತ್ತ ಇದ್ದಾಗ, ಕಳೆದ ವರ್ಷ ಮಾವಿನ ಮಿಡಿಯ ಕಾಲದಲ್ಲಿ, ಸರೋಜಕ್ಕ ಲ್ಯಾಬಿನ ಮೆಟ್ಟಿಲು ಹತ್ತಿದರು. ಶನಿವಾರ ಮಧ್ಯಾಹ್ನವಾದ್ದರಿಂದ ನಾನೂ ಅಲ್ಲೇ ಇದ್ದೆ. ಸರೋಜಕ್ಕ ನರಸಿಂಹರಾಜಪುರದ ಕಡೆಯ ಕಡಹಿನಬೈಲಿನವರು. ಬೇರೆಯವರ ಗದ್ದೆ, ತೋಟಗಳಲ್ಲಿ ಕೂಲಿಗೆ ಹೋಗುತ್ತಲೇ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಮಾರುವವರು. ಅವರ ಬಾಟಲಿಯ ಚೀಟಿಯಲ್ಲಿ "ಮಿಡಿ, ಉಪ್ಪು, ಖಾರ, ಸಾಸಿವೆ. ಬೇರೆ ಏನೂ ಹಾಕಿಲ್ಲ" ಎಂದು ಅಚ್ಚಾಗಿರುತ್ತದೆ. ಶಿವಮೊಗ್ಗದ ಅಂಗಡಿಯೊಂದು ಬಾಟಲಿಗಳನ್ನು ತರಿಸಿಕೊಂಡು, ಎಲ್ಲೋ ಪರೀಕ್ಷೆ ಮಾಡಿಸಿ, ಎಲ್ಲವನ್ನೂ ವಾಪಸು ಕಳಿಸಿತ್ತು. ಉಪ್ಪಿನಕಾಯಿ ಕೆಡದಂತೆ ಹಾಕುವ ಬೆಂಜೊಯೇಟ್ ಎಂಬ ಕೆಮಿಕಲ್ ಇದರಲ್ಲಿದೆ ಎಂಬ ವರದಿ ಜೊತೆಗಿತ್ತು.

"ಬಾಟ್ಲಿ ಹೋಗ್ಲಿ ಅಮ್ಮ" ಅಂದರು ಸರೋಜಕ್ಕ. ಕೂರಲಿಲ್ಲ, ನಿಂತೇ ಇದ್ದರು. "ಏನೂ ಹಾಕಿಲ್ಲ ಅಂತ ಚೀಟಿ ಹಚ್ಚಿ ಸುಳ್ಳು ಹೇಳಿದ್ಲು ಅಂತ ಊರೆಲ್ಲ ಮಾತಾಗಿದೆ. ನಮ್ಮ ಸ್ತ್ರೀಶಕ್ತಿ ಸಂಘದ ಹೆಂಗಸ್ರು ಮುಖ ಕೊಟ್ಟು ಮಾತಾಡಲ್ಲ. ಕೆಲಸಕ್ಕೆ ಹೋದಲ್ಲಿ, ಎಂತ ಸರೋಜಕ್ಕ, ಯಾವ ಅಂಗಡೀಲಿ ತರ್ತೀಯ ಕೆಮಿಕಲ್ಲು ಅಂತ ನಗ್ತಾರೆ. ನಾನು ಹಾಕ್ಲಿಲ್ಲ ಅಮ್ಮ. ಮಕ್ಕಳಾಣೆ ಹಾಕ್ಲಿಲ್ಲ."

"ಆಣೆ ಎಂತಕ್ಕೆ, ಕಂಬ ಇದೆಯಲ್ಲ!" ಎಂದು ಅತ್ತಿಗೆ ಎದ್ದೇಬಿಟ್ಟರು.

ಮೊದಲು ಎಣ್ಣೆ ಕಂಬ. ಶುದ್ಧ ಬೆಂಜೊಯೇಟನ್ನು ಹಾಯಿಸಿದರು. ಏಳನೇ ನಿಮಿಷಕ್ಕೆ ಗುಡ್ಡ ಎದ್ದಿತು. ಆಮೇಲೆ ಸರೋಜಕ್ಕನ ಉಪ್ಪಿನಕಾಯಿಯ ರಸ. ಏಳನೇ ನಿಮಿಷಕ್ಕೆ ಸರಿಯಾಗಿ ಅಲ್ಲೇ, ಅಳತೆ ಹಿಡಿದ ಹಾಗೆ, ಇನ್ನೊಂದು ಗುಡ್ಡ! ಕಾಫಿ ತಂದಿದ್ದ ಅಣ್ಣ ಬಗ್ಗಿ ನೋಡಿ, "ಇದೆಯಲ್ಲ ಮಾರಾಯ್ತಿ" ಅಂದುಬಿಟ್ಟ. ಸರೋಜಕ್ಕನ ಮುಖ ನೋಡಲಾಗಲಿಲ್ಲ.

"ಒಟ್ಟಿಗೆ ಬಂದ್ರೆ ಒಂದೇ ಅಂತ ಅಲ್ಲ! ನೀವು ಅಂಗಡಿಗೆ ಹೋಗಿ!" ಎಂದು ಅತ್ತಿಗೆ ಅಣ್ಣನನ್ನು ಓಡಿಸಿದರು. ಉಂಗುರ ಕಂಬ ಜೋಡಿಸಿದರು. ದ್ರಾವಣ ಅದೇ, ಪಂಪಿನ ವೇಗ ಅದೇ. "ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡೆರಡು ಬದಲಿಸಿದ್ರೆ ಯಾವುದರಿಂದ ಎಂತ ಆಯ್ತು ಅಂತ ಗೊತ್ತಾಗಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು. ಕಂಬ ಹೊಸ ಕೆಲಸಕ್ಕೆ ಹದವಾಗಲು ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಯಲ್ಲಿ ಅತ್ತಿಗೆ ಒಂದೇ ಒಂದು ಮಾತೂ ಆಡಲಿಲ್ಲ. ನನಗೆ ಭಯವಾದದ್ದು ಆಗಲೇ.

ಉಂಗುರ ಕಂಬದಲ್ಲೂ ಎರಡೂ ಒಟ್ಟಿಗೇ ಬಂದವು!

ಅತ್ತಿಗೆ ಕುರ್ಚಿಯಲ್ಲಿ ಕೂತು ಹಣೆ ತಿಕ್ಕಿಕೊಂಡರು. ಸರೋಜಕ್ಕ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, "ಸಾಕು ಬಿಡಿ ಅಮ್ಮ" ಅಂದರು. ಅತ್ತಿಗೆ ತಲೆ ಎತ್ತಿದರು. "ಸರೋಜಕ್ಕ, ಮಿಡಿ ಯಾವ ಮರದ್ದು?"

"ಹೊಳೆ ಬದಿ ಮರದ್ದು. ಅದರ ಸೊನೆ ಪರಿಮಳ ಬೇರೆ ಯಾವುದಕ್ಕೂ ಇಲ್ಲ. ತೊಟ್ಟು ಮುರಿದ್ರೆ ಕೋಣೆಯೆಲ್ಲ ಘಮ್ ಅಂತದೆ."

ಸೊನೆ! ಅತ್ತಿಗೆಯ ಕಣ್ಣುಗಳು ಅಗಲವಾದವು. ಎಲ್ಲ ಮಾತೂ ಒಟ್ಟಿಗೆ ಹೊರಟವು. "ನಾಳೆ ಆ ಮರದ್ದೇ ಮಿಡಿ ತನ್ನಿ! ತೊಟ್ಟು ಮುರೀಬೇಡಿ! ಉಪ್ಪು ಮುಟ್ಟಿಸ್ಬೇಡಿ! ತೊಳೀಲೂ ಬೇಡಿ! ಮೊದಲ ಬಸ್ಸಿಗೇ ಬನ್ನಿ!"

ಭಾನುವಾರ ಸರೋಜಕ್ಕ ಬಾಳೆಲೆಯಲ್ಲಿ ಸುತ್ತಿದ ಮಿಡಿಗಳನ್ನು ತಂದರು. ಮೆಟ್ಟಿಲಲ್ಲೇ ಪರಿಮಳ ಹಿಡಿದ ಜೆರಾಕ್ಸ್ ಅಂಗಡಿಯವರು ಎರಡು ಕೇಳಿ, ಅತ್ತಿಗೆಯಿಂದ ಬೈಸಿಕೊಂಡು ಹೋದರು. ನಾನು ಕೇಳಲಿಲ್ಲ. ಅತ್ತಿಗೆ ಪಂಪಿನ ಕಡೆ ತಿರುಗಿದಾಗ ಒಂದನ್ನು ಬಾಯಿಗೆ ಹಾಕಿಕೊಂಡು ಕಚ್ಚಿದೆ. ಕರುಂ ಎಂದಿತು.

"ಅಯ್ಯೋ! ಇವನು ಸಾಕ್ಷಿ ತಿಂದ!" ಎಂದು ಅತ್ತಿಗೆ ಕೂಗಿದರು. ಎರಡು ದಿನದಲ್ಲಿ ಸರೋಜಕ್ಕ ನಕ್ಕದ್ದು ಆಗ ಮಾತ್ರ.

ಈ ಸಲ ಜಗಳಗಂಟಿ ಕಂಬ. ಬೆಂಜೊಯೇಟ್ ಹಾಯಿಸಿದರು, ಒಂಬತ್ತನೇ ನಿಮಿಷಕ್ಕೆ ಗುಡ್ಡ. ಇನ್ನು ಉಪ್ಪಿನಕಾಯಿಯ ಸರದಿ. ಮೂವರೂ ಪರದೆಗೆ ಮುಖ ಕೊಟ್ಟು ನಿಂತೆವು. ಏಳಾಯಿತು, ಎಂಟಾಯಿತು. ಒಂಬತ್ತು ಬಂತು. ಗೆರೆ ನಾಟಿಗೆ ಮಟ್ಟ ಮಾಡಿದ ಗದ್ದೆಯಂತೆ ಸಪಾಟಾಗಿತ್ತು! ಹತ್ತು. ಹನ್ನೊಂದು. ಹನ್ನೆರಡಕ್ಕೆ ಗುಡ್ಡ ಎದ್ದಿತು. ಅತ್ತಿಗೆ ಕುಣಿಯಲಿಲ್ಲ, ಬೆರಳು ತುಟಿಯ ಮೇಲಿಟ್ಟು ನಮ್ಮನ್ನೂ ಸುಮ್ಮನಿರಿಸಿದರು. ಉಪ್ಪಿನಕಾಯಿಯ ರಸಕ್ಕೆ ತಾವೇ ಚೂರು ಬೆಂಜೊಯೇಟ್ ಬೆರೆಸಿ ಹಾಯಿಸಿದರು. ಒಂಬತ್ತಕ್ಕೊಂದು, ಹನ್ನೆರಡಕ್ಕೊಂದು, ಎರಡು ಗುಡ್ಡ! ಕೊನೆಗೆ ಉಪ್ಪು ಖಾರ ಕಾಣದ ಹಸಿ ಮಿಡಿಯ ಸೊನೆ. ಹನ್ನೆರಡಕ್ಕೆ ಸರಿಯಾಗಿ ಅದೇ ಗುಡ್ಡ!

ಈಗ ಕುಣಿದರು! ಐವತ್ತು ದಾಟಿದ ನನ್ನ ಅತ್ತಿಗೆ, ಬಿಳಿ ಕೋಟು ಹಾಕಿಕೊಂಡು, ಸರೋಜಕ್ಕನ ಎರಡೂ ಕೈ ಹಿಡಿದು ಕುಣಿದರು. "ಮರದ್ದು ಸರೋಜಕ್ಕ! ಅದು ನಿಮ್ಮ ಮರದ್ದು!" ಕೆಳಗಿನ ಜೆರಾಕ್ಸ್ ಅಂಗಡಿಯವರು ಸೀಲಿಂಗ್ ಫ್ಯಾನ್ ಹಿಡಿದುಕೊಂಡಿದ್ದರಂತೆ. ಉತ್ಪ್ರೇಕ್ಷೆ ಮಾಡುತ್ತೇನೆ ಎಂದಿದ್ದೆನಲ್ಲ!

ವರದಿ ಅಚ್ಚಾಗಿ ಬಂತು. ಸರೋಜಕ್ಕ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಎಲ್ಲ ಇಂಗ್ಲಿಷು.

"ಇದರಲ್ಲಿ ಎಂತ ಬರೆದಿದೆ ಅಮ್ಮ?"

"ಬೆಂಜೊಯೇಟ್ ಕಂಡುಬಂದಿಲ್ಲ ಅಂತ. ಮೂರು ಕಂಬದ ಚಿತ್ರವೂ ಇದೆ."

"ಅದು ಕಂಡಿಲ್ಲ ಅಂತ ಆಯ್ತು. ನಾನು ಸುಳ್ಳು ಹೇಳಿಲ್ಲ ಅಂತ ಎಲ್ಲಿ ಬರೆದಿದೆ?"

ಲ್ಯಾಬಿನ ವರದಿಯಲ್ಲಿ ಹಾಗೆಲ್ಲ ಬರೆಯುವುದಿಲ್ಲ ಎಂದು ಹೇಳಲು ನಾನು ಬಾಯಿ ತೆರೆದೆ. ಅತ್ತಿಗೆ ಕೈ ಎತ್ತಿ ತಡೆದರು. ಹಾಳೆಯನ್ನು ನನ್ನ ಮುಂದೆ ಇಟ್ಟರು. "ಮೇಷ್ಟ್ರೇ, ಕೆಳಗೆ ಕನ್ನಡದಲ್ಲಿ ಬರಿ. ಸರೋಜಕ್ಕ ಸುಳ್ಳು ಹೇಳಿಲ್ಲ." ಬರೆದೆ. ಅತ್ತಿಗೆ ಸಹಿ ಮಾಡಿ ಮೊಹರು ಒತ್ತಿದರು. ಸರೋಜಕ್ಕ ಆ ಸಾಲನ್ನು ಅಕ್ಷರ ಕೂಡಿಸಿ ಓದಿದರು. ಎರಡು ಸಲ ಓದಿದರು. ಹಾಳೆಯನ್ನು ಮಡಿಸಿ ಚೀಲದಲ್ಲಿಟ್ಟುಕೊಂಡು, ಅತ್ತಿಗೆಯ ತೋಳು ಮುಟ್ಟಿ, ಮೆಟ್ಟಿಲಿಳಿದು ಬಸ್ಸಿಗೆ ಹೋದರು.

ನಾನು ಉತ್ಸಾಹದಿಂದ ತಿರುಗಿದೆ. ಅತ್ತಿಗೆ ಕಿಟಕಿಯ ಹತ್ತಿರ ಕೂತು ಅಳುತ್ತಿದ್ದರು.

"ಎಂತಾಯ್ತು ಅತ್ತಿಗೆ? ಗೆದ್ದಿರಲ್ಲ!"

"ನಾಗಪ್ಪ ಅಂತ ಒಬ್ರಿದ್ರು" ಅಂದರು. "ನಾನು ಕೆಲಸಕ್ಕೆ ಸೇರಿದ ಹೊಸದು. ಕಂಪನಿಗೆ ಬೇರಿನ ಪುಡಿ ಮಾಡಿ ಕೊಡ್ತಿದ್ರು. ವಯಸ್ಸಾದವರು. ಎಣ್ಣೆ ಕಂಬ ಒಂದರಲ್ಲೇ, ಗುಡ್ಡ ಇರಬೇಕಾದ್ದಕ್ಕಿಂತ ಎತ್ತರ ಬಂದದ್ದು ನೋಡಿ ನಾನು ಬರೆದೆ, ಇವರು ಬೆರಕೆ ಮಾಡಿದ್ದಾರೆ ಅಂತ. ಬಂದು ನಿಂತು ಹೇಳಿದ್ರು, ನಾನು ಬೆರೆಸಿಲ್ಲ ತಾಯಿ ಅಂತ. ಕಂಬ ಸುಳ್ಳು ಹೇಳಲ್ಲ ಅಂದೆ ನಾನು. ಕಂಪನಿ ಅವರ ಪುಡಿ ತಗೊಳ್ಳೋದು ನಿಲ್ಲಿಸ್ತು. ಎರಡು ವರ್ಷ ಆದ್ಮೇಲೆ ಬೇರೆ ಜಾತಿ ಕಂಬ ಬಂತು. ಉಳಿದಿದ್ದ ಅವರ ಪುಡಿ ಹಾಕಿ ನೋಡಿದೆ. ಒಂದೇ ಗುಡ್ಡದ ಕೆಳಗೆ ಎರಡಿತ್ತು. ಎರಡೂ ಬೇರಿನದ್ದೇ."

"ಕಂಪನಿಗೆ ಹೇಳಲಿಲ್ವಾ?"

"ಹೇಳಿದೆ. ಹಳೇ ವಿಷಯ ಬಿಡಿ ಅಂದ್ರು. ಅವರ ಊರಿಗೂ ಹೋಗಿದ್ದೆ. ಮನೆಗೆ ಬೀಗ. ಎಲ್ಲಿಗೆ ಹೋದ್ರು ಅಂತ ಯಾರಿಗೂ ಗೊತ್ತಿಲ್ಲ."

ಈ ಹೆಂಗಸನ್ನು ನಾನು ಇಷ್ಟು ವರ್ಷ ಬರೀ ಆಡಿಕೊಂಡು ನಗುತ್ತಿದ್ದೆನಲ್ಲ ಎಂದು ನಾಚಿಕೆಯಾಯಿತು. ಅತ್ತಿಗೆ ಪ್ರಿಂಟರಿನಿಂದ ಒಂದು ಖಾಲಿ ಹಾಳೆ ಎಳೆದು ನನ್ನ ಮುಂದೆ ಇಟ್ಟರು.

"ಬರಿ" ಅಂದರು. "ನಾಗಪ್ಪನವರು ಏನೂ ಬೆರೆಸಿರಲಿಲ್ಲ."

"ಯಾರಿಗೆ ಕೊಡೋದು ಅತ್ತಿಗೆ?"

"ಗೊತ್ತಿಲ್ಲ. ನೀನು ಬರಿ ಮಾರಾಯ."

ಬರೆದೆ. ಅತ್ತಿಗೆ ಕನ್ನಡಕ ಒರೆಸಿಕೊಂಡು ಹಾಕಿಕೊಂಡರು. ಆ ಸಾಲಿನ ಕೆಳಗೆ ತಮ್ಮ ಪೂರ್ತಿ ಹೆಸರು ಬರೆದು, ನಿಧಾನವಾಗಿ ಸಹಿ ಮಾಡಿದರು.